‘ಈಗ ನಾರ್ಮಲ್ ಆದ್ಯಲ್ಲ?’ ಅಂತ ಕೇಳೋದನ್ನ ನಿಲ್ಲಿಸಿ

ಭಾಗ 1/8

ಫೋಟೋ ನೋಡಿ ಗಾಬರಿ ಆಗ್ಬೇಡಿ. ಅದು ನನ್ನ ಹೊಟ್ಟೆ. ಮಧ್ಯದಲ್ಲಿ ಮೇಲಿಂದ ಕೆಳಗೆ ಇಳಿದಿರೋ ಗೆರೆ ಒಂದೇ ಜಾಗದಲ್ಲಿ ಎರಡು ಸಲ ಕೊಯ್ದು ಎರಡು ಸಲ ಹೊಲಿದದ್ದು. ಎಡಗಡೆ ಸಣ್ಣ ಗುಳಿ ಇದೆಯಲ್ಲ, ಅಲ್ಲಿ ಐದು ತಿಂಗಳು ನನ್ನ ಕರುಳಿನ ತುದಿ ಹೊರಗಿತ್ತು. ಅದರ ಮೇಲೆ ಒಂದು ಚೀಲ ಅಂಟಿಸಿಕೊಂಡಿರ್ತಿದ್ದೆ. ಮಲ ಆ ಚೀಲಕ್ಕೇ ಬರ್ತಿತ್ತು. ಇದಕ್ಕೆ ಕೊಲೊಸ್ಟಮಿ ಅಂತಾರೆ. ಡಿಸೆಂಬರ್‌ನಲ್ಲಿ ಇನ್ನೊಂದು ಆಪರೇಶನ್ ಮಾಡಿ ಕರುಳನ್ನ ಮತ್ತೆ ಒಳಗೆ ಜೋಡಿಸಿದ್ರು. ಅದು ಕೊಲೊಸ್ಟಮಿ ರಿವರ್ಸಲ್.

ಕ್ಲಾಸಲ್ಲಿ ನಿಮಗೆಲ್ಲ ನಾನು ಹೇಳಿದ್ದು ‘ಅಪೆಂಡಿಕ್ಸ್’ ಅಂತ. ಸುಳ್ಳು ಹೇಳಿದ್ದೆ, ಕ್ಷಮಿಸಿ. ನಿಜ ಗೊತ್ತಿದ್ದವರು ಐದಾರು ಜನ. ಆಪರೇಶನ್ ಆದ ಮೇಲೆ ಆ ಐದಾರು ಜನರೂ ಕಳಿಸಿದ್ದು ಒಂದೇ ಮೆಸೇಜ್: ‘ಚೀಲ ತೆಗೆದ್ರಂತೆ, ಈಗ ನಾರ್ಮಲ್ ಆದ್ಯಲ್ಲ?’

ಪ್ರೀತಿಯಿಂದಲೇ ಕೇಳಿದ್ರಿ, ಗೊತ್ತು. ಆದ್ರೂ ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತೆ. ಈ ಒಂದು ಪದದಿಂದ ನಾನು ಎಷ್ಟು ಅನುಭವಿಸಿದೆ ಅಂತ ಎಂಟು ಪೋಸ್ಟ್‌ನಲ್ಲಿ ಹೇಳ್ತೀನಿ. ಅಸಹ್ಯ ಅನ್ನಿಸಿದ್ರೆ ಸ್ಕ್ರಾಲ್ ಮಾಡಿ ಮುಂದೆ ಹೋಗಿ. ಆದ್ರೆ ನಿಮಗೂ ಕರುಳಿದೆ, ಅದು ನೆನಪಿರಲಿ.

ಭಾಗ 2/8

ಈ ಎಕ್ಸ್‌ರೇ ನನ್ನದೇ. ದೊಡ್ಡ ಕರುಳು ಗಾಳಿ ತುಂಬಿ ಊದಿಕೊಂಡು ಮಡಚಿ ನಿಂತಿದೆ. ಡಾಕ್ಟರ್‌ಗಳು ಇದನ್ನ ಕಾಫಿ ಬೀಜಕ್ಕೆ ಹೋಲಿಸ್ತಾರೆ. ಕಾಫಿ ತೋಟದ ಪಕ್ಕದಲ್ಲೇ ಬೆಳೆದವಳು ನಾನು, ಹೊಟ್ಟೆಯೊಳಗೂ ಅದೇ ಕಾಣಿಸ್ತು. ಕಾಯಿಲೆ ಹೆಸರು ಸಿಗ್ಮಾಯ್ಡ್ ವಾಲ್ವುಲಸ್. ದೊಡ್ಡ ಕರುಳಿನ ಕೊನೆ ಭಾಗ ಹಗ್ಗದ ಥರ ತಿರುಚಿಕೊಳ್ಳುತ್ತೆ. ಮುಂದಕ್ಕೆ ಏನೂ ಹೋಗಲ್ಲ, ರಕ್ತ ಕೂಡ ಓಡಲ್ಲ.

ಬೇಗ ಬಂದ್ರೆ ಬಹಳ ಸಲ ಕೆಳಗಿಂದ ಟ್ಯೂಬ್ ಹಾಕಿ ತಿರುಚಿದ್ದನ್ನ ಬಿಡಿಸಬಹುದು. ನಾನು ಬೇಗ ಹೋಗಲಿಲ್ಲ. ಜುಲೈ ತಿಂಗಳು, ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು. ‘ಗ್ಯಾಸ್ಟ್ರಿಕ್’ ಅಂತ ಜೀರಿಗೆ ನೀರು ಕುಡಿದೆ, ಸೋಡಾ ಕುಡಿದೆ. ಮೊದಲ ದಿನ ಕ್ಲಿನಿಕ್‌ಗೆ ಹೋದಾಗ ಡಾಕ್ಟರ್ ‘ಮೋಶನ್ ಆಗ್ತಿದೆಯಾ?’ ಅಂದ್ರು. ಪಕ್ಕದಲ್ಲಿ ಅಪ್ಪ ನಿಂತಿದ್ರು. ನಾನು ‘ಹೂಂ’ ಅಂದೆ. ಮೂರು ದಿನದಿಂದ ಆಗಿರಲಿಲ್ಲ, ಹೂಸು ಕೂಡ ಹೋಗಿರಲಿಲ್ಲ. ಅಪ್ಪನ ಮುಂದೆ ಹೇಳೋಕೆ ನಾಚಿಕೆ.

ಎರಡು ದಿನ ಆದ್ಮೇಲೆ ರಾತ್ರಿ ಹೊತ್ತು ದೊಡ್ಡಾಸ್ಪತ್ರೆ. ಕರುಳು ಕಪ್ಪಾಗಿತ್ತು. ಅಷ್ಟುದ್ದ ಕತ್ತರಿಸಿ ತೆಗೆದು, ಮೇಲಿನ ತುದಿಯನ್ನ ಹೊಟ್ಟೆಯಿಂದ ಹೊರಗೆ ತಂದು, ಕೆಳಗಿನ ತುದಿಯನ್ನ ಹೊಲಿದು ಮುಚ್ಚಿದ್ರು. ಈ ವಿಧಾನಕ್ಕೆ ಹಾರ್ಟ್‌ಮನ್ ಅಂತ ಹೆಸರು. ಫ್ರಾನ್ಸಿನ ಸರ್ಜನ್ ಆಂರಿ ಹಾರ್ಟ್‌ಮನ್ 1921ರಲ್ಲಿ ವಿವರಿಸಿದ ಆಪರೇಶನ್. ಸೋಂಕು ತುಂಬಿದ ಹೊಟ್ಟೆಯಲ್ಲಿ ಎರಡು ತುದಿಗಳನ್ನ ಆಗಲೇ ಜೋಡಿಸಿದ್ರೆ ಜೋಡಣೆ ಬಿಟ್ಟುಹೋಗೋ ಭಯ ಜಾಸ್ತಿ. ಅದಕ್ಕೇ ಚೀಲ.

ಅಂದ್ರೆ ಆ ಚೀಲ ನನ್ನ ಜೀವ ಉಳಿಸ್ತು. ಜೀವಕ್ಕೆ ಕುತ್ತು ತಂದಿದ್ದರಲ್ಲಿ ನಾಚಿಕೆಯ ಪಾಲೂ ಇತ್ತು. ಈ ಲೆಕ್ಕ ಕೊನೆ ತನಕ ನೆನಪಿಟ್ಕೊಳ್ಳಿ.

ಭಾಗ 3/8

ಈ ಫೋಟೋದಲ್ಲಿ ನನ್ನ ಅಕೌಂಟ್ಸ್ ನೋಟ್ಸ್ ಇದೆ. ಬಿಕಾಂನವರಿಗೆ ರಿವರ್ಸಲ್ ಎಂಟ್ರಿ ಗೊತ್ತೇ ಇದೆ. ಹಾಕಿದ ಎಂಟ್ರಿಯನ್ನೇ ಉಲ್ಟಾ ಹಾಕ್ತೀವಿ. ಡೆಬಿಟ್ ಇದ್ದಲ್ಲಿ ಕ್ರೆಡಿಟ್, ಕ್ರೆಡಿಟ್ ಇದ್ದಲ್ಲಿ ಡೆಬಿಟ್. ಬ್ಯಾಲೆನ್ಸ್ ಸೊನ್ನೆ. ಏನೂ ಆಗೇ ಇಲ್ಲ ಅನ್ನೋ ಹಾಗೆ.

ನೀವೆಲ್ಲ ನನ್ನ ಆಪರೇಶನ್ನೂ ಅದೇ ಅಂದ್ಕೊಂಡ್ರಿ. ನಾನೂ ಹಾಗೇ ಅಂದ್ಕೊಂಡಿದ್ದೆ.

ಆದ್ರೆ ಕತ್ತರಿಸಿ ತೆಗೆದ ಕರುಳು ವಾಪಸ್ ಬರಲ್ಲ. ಐದು ತಿಂಗಳು ಕೆಲಸವೇ ಇಲ್ಲದೆ ಸುಮ್ಮನಿದ್ದ ಕೆಳಗಿನ ಭಾಗ ಮತ್ತೆ ಕೆಲಸ ಕಲೀಬೇಕು. ಮೊದಲ ಆಪರೇಶನ್ ಆದ ಕೂಡಲೇ ರಿವರ್ಸಲ್ ಮಾಡಲ್ಲ. ಹಾರ್ಟ್‌ಮನ್ ಆದವರಿಗೆ ಸಾಮಾನ್ಯವಾಗಿ ಮೂರು ತಿಂಗಳಾದ್ರೂ ಕಾಯಿಸ್ತಾರೆ, ಆರು ತಿಂಗಳು ದಾಟೋದೂ ಉಂಟು. ಒಳಗಿನ ಊತ ಇಳೀಬೇಕು, ರಕ್ತ, ತೂಕ, ಪ್ರೋಟೀನ್ ಎಲ್ಲ ಸುಧಾರಿಸಬೇಕು. ಕೆಳಗಿನ ಭಾಗ ಸರಿಯಿದೆಯಾ ಅಂತ ಕ್ಯಾಮೆರಾ ಹಾಕಿಯೋ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದೋ ನೋಡ್ತಾರೆ.

ಆಮೇಲೆ ಮತ್ತೆ ಪೂರ್ತಿ ಅರಿವಳಿಕೆ, ಮತ್ತೆ ಅದೇ ಗೆರೆಯಲ್ಲಿ ಕೊಯ್ತ. ಒಳಗೆ ಒಂದಕ್ಕೊಂದು ಅಂಟಿಕೊಂಡಿರೋ ಕರುಳುಗಳನ್ನ ಬಿಡಿಸಬೇಕು. ಎರಡು ತುದಿಗಳನ್ನ ಕೈಯಿಂದ ಹೊಲೀತಾರೆ, ಇಲ್ಲಾಂದ್ರೆ ಗುದದ್ವಾರದಿಂದ ಒಂದು ದುಂಡನೆಯ ಸ್ಟೇಪ್ಲರ್ ಹಾಕಿ ಜೋಡಿಸ್ತಾರೆ. ನನಗೆ ಸ್ಟೇಪ್ಲರ್. ಅದರ ಪುಟ್ಟ ಟೈಟಾನಿಯಂ ಪಿನ್‌ಗಳು ನನ್ನೊಳಗೇ ಇರ್ತವೆ.

ದೊಡ್ಡ ಭಯ ಜೋಡಣೆ ಸೋರೋದು. ಸೋರಿದ್ರೆ ಹೊಟ್ಟೆ ತುಂಬ ಸೋಂಕು, ಮತ್ತೆ ಆಪರೇಶನ್, ಮತ್ತೆ ಚೀಲ. ಒಪ್ಪಿಗೆ ಪತ್ರದಲ್ಲಿ ಅದನ್ನೂ ಬರೆದಿತ್ತು. ಸಹಿ ಹಾಕುವಾಗ ಅಪ್ಪನ ಕೈ ನಡುಗ್ತಿತ್ತು, ನಾನೇ ಪೆನ್ನು ಇಸ್ಕೊಂಡು ನನ್ನ ಸಹಿ ಹಾಕಿದೆ. ಹಾರ್ಟ್‌ಮನ್ ಆದವರಲ್ಲಿ ಎಷ್ಟೋ ಜನ ವಯಸ್ಸು, ಬೇರೆ ಕಾಯಿಲೆ, ಈ ಅಪಾಯಗಳ ಕಾರಣಕ್ಕೆ ರಿವರ್ಸಲ್ ಮಾಡಿಸಿಕೊಳ್ಳೋದೇ ಇಲ್ಲ. ಅದು ಸೋಲಲ್ಲ, ಯೋಚನೆ ಮಾಡಿ ತಗೊಂಡ ತೀರ್ಮಾನ.

ಇಷ್ಟು ದೊಡ್ಡ ಆಪರೇಶನ್‌ಗೆ ನೀವು ಕೊಟ್ಟ ಹೆಸರು ‘ಚೀಲ ತೆಗೆದ್ರಂತೆ’. ಸ್ಟಿಕರ್ ಕಿತ್ತ ಹಾಗೆ.

ಭಾಗ 4/8

ಇದು ವಾರ್ಡಿನ ಕಿಟಕಿ. ಇಲ್ಲಿ ನಾನು ನಾಲ್ಕು ದಿನ ಒಂದು ಹೂಸಿಗೋಸ್ಕರ ಕಾದೆ. ನಗಿ, ಪರವಾಗಿಲ್ಲ. ಹೊಟ್ಟೆ ಆಪರೇಶನ್ ಆದ್ಮೇಲೆ ಕರುಳು ಕೆಲ ದಿನ ಮುಷ್ಕರ ಹೂಡುತ್ತೆ. ಗ್ಯಾಸ್ ಹೋಯ್ತು ಅಂದ್ರೆ ಕೆಲಸಕ್ಕೆ ಹಾಜರಾಯ್ತು ಅಂತ ಅರ್ಥ. ನರ್ಸ್, ಡಾಕ್ಟರ್, ಆಯಮ್ಮ, ಎಲ್ಲರೂ ಕೇಳೋದು ಅದೊಂದೇ: ‘ಗ್ಯಾಸ್ ಹೋಯ್ತಾ?’ ನಾಲ್ಕನೇ ದಿನ ಬೆಳಗಿನ ಜಾವ ಹೋಯ್ತು. ಅಮ್ಮ ದೇವರಿಗೆ ಕೈ ಮುಗಿದ್ರು. ಜುಲೈನಲ್ಲಿ ಯಾವುದನ್ನ ಹೇಳೋಕೆ ನಾಚಿ ಸಾಯೋ ಹಾಗಾಗಿದ್ನೋ, ಡಿಸೆಂಬರ್‌ನಲ್ಲಿ ಅದನ್ನೇ ಇಡೀ ವಾರ್ಡಿಗೆ ಹೇಳಿ ಖುಷಿಪಟ್ಟೆ.

ಎಂಟನೇ ದಿನ ಮನೆ. ಅಸಲಿ ಕಷ್ಟ ಶುರು ಆಗಿದ್ದೇ ಅಲ್ಲಿಂದ. ಮೊದಲ ವಾರ ದಿನಕ್ಕೆ ಹನ್ನೆರಡು ಸಲ ಟಾಯ್ಲೆಟ್. ಬಂತು ಅಂದ್ರೆ ಬಂತು, ತಡ್ಕೊಳ್ಳೋಕೆ ಎರಡು ನಿಮಿಷ ಟೈಮ್. ಹೋಗಿ ಬಂದು ಕೂತ್ರೆ ಹತ್ತು ನಿಮಿಷಕ್ಕೆ ಮತ್ತೆ. ಚರ್ಮ ಸುಲಿದು ಬೆಂಕಿ ಬಿದ್ದ ಹಾಗೆ ಉರಿ. ಉಜ್ಜದೆ ನೀರಲ್ಲಿ ತೊಳೆದು, ಮೆತ್ತಗೆ ಬಟ್ಟೆ ಒತ್ತಿ ಒರೆಸಿ, ಜಿಂಕ್ ಕ್ರೀಮ್ ಹಚ್ಕೊಳ್ಳೋದನ್ನ ನರ್ಸ್ ಅಕ್ಕ ಹೇಳಿಕೊಟ್ರು.

ಊಟ ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಖಾರ, ಕಾಫಿ, ಕಾಳು, ಸೊಪ್ಪು ಒಂದೊಂದಾಗಿ ನಿಧಾನಕ್ಕೆ ವಾಪಸ್. ಆರು ವಾರ ಭಾರ ಎತ್ತೋ ಹಾಗಿಲ್ಲ, ತುಂಬಿದ ಬಿಂದಿಗೆ ಕೂಡ. ಎತ್ತಿದ್ರೆ ಹೊಲಿಗೆ ಜಾಗದಲ್ಲಿ ಹರ್ನಿಯಾ ಆಗೋ ಅಪಾಯ. ಹೂಸು ತಡೆಯುವಾಗ ಬಿಗಿ ಹಿಡೀತೀವಲ್ಲ, ಆ ಸ್ನಾಯುವಿಗೆ ದಿನಾ ವ್ಯಾಯಾಮ. ಚೀಲ ಇದ್ದ ಜಾಗದ ಗಾಯವನ್ನ ಪೂರ್ತಿ ಹೊಲಿದಿರಲಿಲ್ಲ, ಸೋಂಕಾಗದೆ ಒಳಗಿಂದ ತುಂಬಿಕೊಂಡು ಬರಲಿ ಅಂತ. ಒಂದು ತಿಂಗಳು ಡ್ರೆಸ್ಸಿಂಗ್.

ಈಗ ಐದು ತಿಂಗಳು. ದಿನಕ್ಕೆ ಮೂರು ನಾಲ್ಕು ಸಲಕ್ಕೆ ಇಳಿದಿದೆ. ಪೂರ್ತಿ ಒಂದು ಹದಕ್ಕೆ ಬರೋಕೆ ಕೆಲವರಿಗೆ ವರ್ಷವೇ ಹಿಡಿಯುತ್ತೆ.

ಭಾಗ 5/8

ಈ ಬಾಗಿಲು ನಮ್ಮ ಕಾಲೇಜಿನದು. ಬೀಗ ಹಾಕಿರೋ ಲೇಡೀಸ್ ಟಾಯ್ಲೆಟ್. ಬೀಗದ ಕೈ ಆಫೀಸಲ್ಲಿ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನವೆಂಬರ್‌ನಲ್ಲಿ ನಾನು ಚೀಲ ಹಾಕ್ಕೊಂಡೇ ಸೆಮಿಸ್ಟರ್ ಪರೀಕ್ಷೆ ಬರೆದೆ. ಮೂರು ಗಂಟೆ, ಒಂದೇ ಒಂದು ಸಲವೂ ಎದ್ದಿಲ್ಲ. ಬೆಳಗ್ಗೆ ಚೀಲ ಖಾಲಿ ಮಾಡಿ, ಚೂಡಿದಾರದ ಮೇಲೆ ವೇಲ್ ಹಾಕ್ಕೊಂಡು ಬಂದಿದ್ದೆ. ನಿಮಗ್ಯಾರಿಗೂ ಗೊತ್ತೇ ಆಗಲಿಲ್ಲ.

ಫೆಬ್ರವರಿ ಇಂಟರ್ನಲ್ಸ್‌ಗೆ ಚೀಲ ಇರಲಿಲ್ಲ. ನಿಮ್ಮ ಪ್ರಕಾರ ನಾನು ‘ನಾರ್ಮಲ್’. ನಲವತ್ತು ನಿಮಿಷಕ್ಕೆ ಎದ್ದು ಕೇಳಿದೆ, ಕಳಿಸಿದ್ರು. ಇನ್ನು ಇಪ್ಪತ್ತು ನಿಮಿಷಕ್ಕೆ ಮತ್ತೆ ಕೇಳಿದೆ. ‘ಈಗ ತಾನೇ ಹೋಗಿ ಬಂದ್ಯಲ್ಲಮ್ಮ? ಒಳಗೆ ಚೀಟಿ ಏನಾದ್ರೂ ಇಟ್ಟಿದ್ದೀಯಾ?’ ಕ್ಲಾಸೆಲ್ಲ ನಕ್ಕಿತು. ನೀವೂ ಇದ್ರಿ ಅಲ್ಲಿ. ‘ಸರ್, ಆಪರೇಶನ್ ಆಗಿದೆ’ ಅಂದೆ. ‘ಆಗಿ ಎರಡು ತಿಂಗಳಾಯ್ತಲ್ಲ, ಈಗ ನಾರ್ಮಲ್ ತಾನೇ?’

ಆಮೇಲೆ ಏನಾಯ್ತು ಅಂತ ಊಹಿಸ್ಕೊಳ್ಳಿ. ಆ ದಿನ ನಾನು ಅರ್ಧ ಪೇಪರ್ ಬಿಟ್ಟು, ಸೊಂಟಕ್ಕೆ ವೇಲ್ ಸುತ್ಕೊಂಡು ಹೊರಗೆ ಹೋದೆ. ಆಫೀಸಿಂದ ಬೀಗದ ಕೈ ತರೋಷ್ಟರಲ್ಲಿ ಆಗಬಾರದ್ದು ಆಗಿತ್ತು. ‘ಇವಳು ಓದಿಲ್ಲ, ಅದಕ್ಕೇ ಎದ್ದು ಹೋದಳು’ ಅಂತ ಯಾರೋ ಅಂದಿದ್ದು ಆಮೇಲೆ ಕಿವಿಗೆ ಬಿತ್ತು.

ಹಾಜರಾತಿ ಕಥೆ ಇನ್ನೊಂದು. ಜುಲೈ ರಜೆಗೆ ಮೆಡಿಕಲ್ ಸರ್ಟಿಫಿಕೇಟ್ ತಗೊಂಡ್ರು. ಡಿಸೆಂಬರ್ ರಜೆಯ ಸರ್ಟಿಫಿಕೇಟ್ ನೋಡಿ ಆಫೀಸಲ್ಲಿ ಕೇಳಿದ್ದು ಹೀಗೆ: ‘ರಿವರ್ಸಲ್ ಅಂದ್ರೆ ವಾಪಸ್ ಸರಿಯಾಗಿದ್ದೀಯ ಅಂತ ಅಲ್ವಾ? ಮತ್ತೆ ರಜೆ ಯಾಕೆ?’ ಈಗ ನನ್ನ ಹಾಜರಾತಿ 71%. ಬೇಕಿರೋದು 75%. ‘ನಾರ್ಮಲ್’ ಅನ್ನೋ ಪದದ ಬೆಲೆ ಈ ನಾಲ್ಕು ಪರ್ಸೆಂಟ್. ಅದಕ್ಕೆ ನನ್ನ ಒಂದು ಸೆಮಿಸ್ಟರ್ ಹೋಗಬಹುದು.

ಭಾಗ 6/8

ಇದು ಖಾಲಿ ಚೀಲದ ಫೋಟೋ. ಮುಟ್ಟಿದ್ರೆ ಅಂಟಲ್ಲ, ನೋಡಿ.

ಅಮ್ಮ ಮೊದಲ ದಿನವೇ ಹೇಳಿದ್ದು: ‘ಯಾರ್ಗೂ ಹೇಳ್ಬೇಡ ಮಗಳೇ. ನಾಳೆ ಮದುವೆ ಮಾತು ಬಂದಾಗ ಕಷ್ಟ ಆಗುತ್ತೆ.’ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಊರಿನ ಬಾಯಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮೊದಲ ತಿಂಗಳು ಚೀಲ ಬದಲಾಯಿಸಿದ್ದೂ ಅವರೇ, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದ್ರೆ ಮುಚ್ಚಿಟ್ಟಿದ್ದರ ಖರ್ಚು ಬಿದ್ದಿದ್ದು ನನ್ನ ಮೇಲೆ. ಪರೀಕ್ಷಾ ಹಾಲಲ್ಲಿ ನನ್ನ ಪರವಾಗಿ ಒಬ್ಬರೂ ಮಾತಾಡಲಿಲ್ಲ. ಯಾಕಂದ್ರೆ ಯಾರಿಗೂ ಗೊತ್ತಿರಲಿಲ್ಲ. ಆ ತಪ್ಪಲ್ಲಿ ನನ್ನ ಪಾಲೂ ಇದೆ.

ವಾರ್ಡಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ರು ಅಕ್ಕ ಇದ್ರು. ಮಾರ್ಕೆಟ್ಟಲ್ಲಿ ಹೂ ಮಾರೋರು. ಗುದನಾಳದ ಕ್ಯಾನ್ಸರ್, ಗುದದ್ವಾರವನ್ನೂ ಸೇರಿಸಿ ತೆಗೆದಿದ್ರು. ಅಂಥವರಿಗೆ ರಿವರ್ಸಲ್ ಇಲ್ಲ, ಚೀಲ ಕೊನೆ ತನಕ. ನನ್ನ ರಿವರ್ಸಲ್ ಹಿಂದಿನ ರಾತ್ರಿ ನೆಂಟರೆಲ್ಲ ಬಂದು ‘ನಾಳೆಯಿಂದ ನೀನು ನಾರ್ಮಲ್ ಬಿಡು’ ಅಂತ ಧೈರ್ಯ ಹೇಳಿ ಹೋದ್ರು. ದೀಪ ಆರಿಸಿದ ಮೇಲೆ ಆ ಅಕ್ಕ ಕೇಳಿದ್ರು: ‘ಏನವ್ವಾ, ನಿಂಗಾದ್ರೆ ಮುಚ್ತಾರೆ. ನಂಗೆ ಮುಚ್ಚಲ್ಲ. ಹಂಗಾದ್ರೆ ನಾನೇನು, ಮನುಷ್ಯಳಲ್ವಾ?’

ನನ್ನ ಹತ್ರ ಉತ್ತರ ಇರಲಿಲ್ಲ. ನನ್ನನ್ನ ‘ಈಗ ನಾರ್ಮಲ್’ ಅಂದವರು ಅವರನ್ನ ಆ ಸಾಲಿನಿಂದ ಹೊರಗೆ ತಳ್ಳಿದ್ರು. ಗೊತ್ತಿದ್ದು ತಳ್ಳಲಿಲ್ಲ, ಆದ್ರೂ ತಳ್ಳಿದ್ರು.

1793ರಲ್ಲಿ ಫ್ರಾನ್ಸಿನಲ್ಲಿ ಡ್ಯುರೆ ಅನ್ನೋ ಸರ್ಜನ್ ಗುದದ್ವಾರ ಇಲ್ಲದೆ ಹುಟ್ಟಿದ ಕೂಸಿಗೆ ಕೊಲೊಸ್ಟಮಿ ಮಾಡಿದ್ರು. ಆ ಕೂಸು 45 ವರ್ಷ ಬದುಕಿತು. ಪೋಪ್ ಎರಡನೇ ಜಾನ್ ಪಾಲ್ ಅವರಿಗೆ 1981ರ ಮೇ 13ರಂದು ಗುಂಡು ಬಿದ್ದಾಗ ಮಾಡಿದ್ದೂ ಕೊಲೊಸ್ಟಮಿಯೇ. ಆಗಸ್ಟ್‌ನಲ್ಲಿ ಅದನ್ನ ಮುಚ್ಚಿದ್ರು. 1986ರ ಫೆಬ್ರವರಿಯಲ್ಲಿ ಅವರು ನಮ್ಮ ಮಂಗಳೂರಿಗೂ ಬಂದು ಹೋದ್ರು. ನೋಡೋಕೆ ಸಾವಿರಾರು ಜನ ಸೇರಿದ್ದರು. ಹೊಟ್ಟೆಯ ಮೇಲೆ ಚೀಲ ಇತ್ತು ಅಂತ ಯಾರೂ ಅವರನ್ನ ಕಮ್ಮಿ ಮಾಡಿ ನೋಡಲಿಲ್ಲ. ಹೂ ಮಾರೋ ಅಕ್ಕನಿಗೆ ಮಾತ್ರ ಯಾಕೆ ಬೇರೆ ಅಳತೆ?

ಭಾಗ 7/8

ಬಸ್ ಸ್ಟ್ಯಾಂಡ್. ನಮ್ಮೂರಿಂದ ಕಾಲೇಜಿಗೆ ಐವತ್ತು ನಿಮಿಷ. ಶಕ್ತಿ ಯೋಜನೆ ಬಂದ್ಮೇಲೆ ನಮಗೆ ಟಿಕೆಟ್ ದುಡ್ಡಿಲ್ಲ. ಟಾಯ್ಲೆಟ್‌ಗೆ ಮಾತ್ರ ಐದು ರೂಪಾಯಿ, ಅದೂ ಚಿಲ್ಲರೆ ಇದ್ರೆ. ಡಿಸೆಂಬರ್‌ಗೆ ಮುಂಚೆ ಇನ್ನೊಂದು ಖರ್ಚಿತ್ತು. ಮೂರು ದಿನಕ್ಕೊಂದು ಚೀಲ, ನಾವು ತಂದಿದ್ದು ಒಂದಕ್ಕೆ 250 ರೂಪಾಯಿ. 150 ದಿನಕ್ಕೆ 50 ಚೀಲ, 12,500 ರೂಪಾಯಿ. ಅಂಟಿನ ಪೇಸ್ಟ್, ಪೌಡರ್ ಬೇರೆ. ಹೂ ಮಾರೋ ಅಕ್ಕ ಈ ಲೆಕ್ಕವನ್ನ ಜೀವನ ಪೂರ್ತಿ ಹಾಕಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಸ್ಟೋಮಾ ಇಲ್ಲ.

‘ನೀನು ಎಲ್ಲದಕ್ಕೂ ವಿನಾಯಿತಿ ಕೇಳ್ತೀಯ’ ಅಂತ ಒಬ್ಬ ಗೆಳೆಯ ಅಂದ. ಇಲ್ಲ. ನಾನು ಕೇಳ್ತಿರೋದು ಬೀಗ ತೆಗೀರಿ ಅಂತ. 2025ರ ಜನವರಿ 15ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ನ್ಯಾಯಾಲಯಗಳಲ್ಲಿ ಶೌಚಾಲಯ ಇರಬೇಕು ಅಂತ ಆದೇಶ ಕೊಡುವಾಗ, ಇದು ಬರೀ ಅನುಕೂಲದ ಮಾತಲ್ಲ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದು ಅಂತ ಹೇಳಿತು. ಕೋರ್ಟಿಗೆ ಬರೋರಿಗೆ ಇರೋ ಹೊಟ್ಟೆಯೇ ಕಾಲೇಜಿಗೆ ಬರೋರಿಗೂ ಇರೋದು.

ಹುಡುಗಿಯರೇ, ನಿಮಗೊಂದು ಮಾತು. ಹೈಸ್ಕೂಲಿಂದಲೂ ನಾವೆಲ್ಲ ಕಲಿತಿದ್ದು ‘ತಡ್ಕೊ’. ಗಲೀಜು ಅಂತ ತಡ್ಕೊ, ನೀರಿಲ್ಲ ಅಂತ ತಡ್ಕೊ, ಹುಡುಗರು ನೋಡ್ತಾರೆ ಅಂತ ತಡ್ಕೊ. ಬೆಳಗ್ಗೆ ನೀರೇ ಕುಡಿಯದೆ ಬರೋದು. ನನ್ನ ಸಿಗ್ಮಾಯ್ಡ್ ಕರುಳು ಸಹಜಕ್ಕಿಂತ ಉದ್ದ ಇತ್ತು ಅಂತ ಡಾಕ್ಟರ್ ಹೇಳಿದ್ರು. ಹಳೇ ಮಲಬದ್ಧತೆ ಅದಕ್ಕೆ ಜೊತೆಯಾದ್ರೆ ತಿರುಚೋ ಸಾಧ್ಯತೆ ಹೆಚ್ಚು ಅಂತಾನೂ ಹೇಳಿದ್ರು. ಕಾಲೇಜಿನ ಬೀಗದಿಂದಲೇ ನನಗೆ ಹೀಗಾಯ್ತು ಅಂತ ನಾನು ಹೇಳಲ್ಲ, ಅದು ಅನ್ಯಾಯದ ಮಾತಾಗುತ್ತೆ. ಆದ್ರೆ ಆ ಬೀಗ ನಮ್ಮಲ್ಲಿ ಯಾರಿಗೂ ಒಳ್ಳೇದಂತೂ ಮಾಡ್ತಿಲ್ಲ.

ಭಾಗ 8/8

ಕೊನೇದು. ಇದನ್ನ ಸೇವ್ ಮಾಡ್ಕೊಳ್ಳಿ.

ಹೊಟ್ಟೆ ಉಬ್ಬಿ, ವಿಪರೀತ ನೋವಿದ್ದು, ಮಲವೂ ಹೂಸೂ ಎರಡೂ ನಿಂತಿದ್ರೆ ಅದು ಗ್ಯಾಸ್ಟ್ರಿಕ್ ಅಲ್ಲ, ತುರ್ತು ಪರಿಸ್ಥಿತಿ. ಜೀರಿಗೆ ನೀರು ಕುಡೀತಾ ಕೂರ್ಬೇಡಿ. ಡಾಕ್ಟರ್ ಕೇಳಿದ್ರೆ ಅಪ್ಪನ ಮುಂದೇನೇ ಹೇಳಿ.

ನಿಮ್ಮ ಮನೇಲಿ ಯಾರಿಗಾದ್ರೂ ರಿವರ್ಸಲ್ ಆಗಿದ್ರೆ: ಜ್ವರ, ಹೆಚ್ಚಾಗ್ತಾ ಹೋಗೋ ಹೊಟ್ಟೆನೋವು, ವಾಂತಿ, ಹೊಟ್ಟೆಯುಬ್ಬರ, ಗಾಯದಲ್ಲಿ ಕೀವು, ರಕ್ತ, ಇದರಲ್ಲಿ ಯಾವುದು ಕಂಡ್ರೂ ಅದೇ ದಿನ ಆಸ್ಪತ್ರೆಗೆ. ಭೇದಿ ನಿಲ್ಲಿಸೋ ಮಾತ್ರೆಯನ್ನ ಡಾಕ್ಟರನ್ನ ಕೇಳದೆ ಕೊಡ್ಬೇಡಿ.

‘ಈಗ ನಾರ್ಮಲ್ ಆದ್ಯಲ್ಲ?’ ಅನ್ನೋ ಬದಲು ‘ಇವತ್ತು ಹೇಗಿದ್ದೀಯ?’ ಅಂತ ಕೇಳಿ. ಮೊದಲನೇದಕ್ಕೆ ‘ಹೂಂ’ ಬಿಟ್ಟು ಬೇರೆ ಉತ್ತರ ಹೇಳೋಕೆ ನಮಗೆ ಜಾಗವೇ ಇರಲ್ಲ. ಚೀಲ ಇರೋರನ್ನ ಕಂಡ್ರೆ ‘ಯಾವಾಗ ತೆಗೀತಾರೆ?’ ಅಂತ ಮಾತು ಶುರು ಮಾಡ್ಬೇಡಿ. ತೆಗೆಯದೇ ಇರಬಹುದು. ತೆಗೆಯದೆಯೂ ಅವರು ಚೆನ್ನಾಗಿರಬಹುದು.

ಕಾಲೇಜಿಗೆ ನಾನು ಕೇಳ್ತಿರೋದು ಮೂರು. ಒಂದು, ಟಾಯ್ಲೆಟ್‌ಗೆ ಬೀಗ ಬೇಡ, ನೀರು ಬೇಕು. ಎರಡು, ಡಾಕ್ಟರ್ ಪತ್ರ ಇರೋರಿಗೆ ಪರೀಕ್ಷೆಯಲ್ಲಿ ಬಾಗಿಲ ಪಕ್ಕದ ಸೀಟು, ಎಷ್ಟು ಸಲ ಕೇಳಿದ್ರೂ ಪ್ರಶ್ನೆಯಿಲ್ಲದೆ ಕಳಿಸೋದು. ಚೀಟಿ ಅನುಮಾನ ಇದ್ರೆ ಒಬ್ಬ ಮೇಡಂ ಜೊತೆಗೆ ಬರಲಿ, ನನಗೆ ಅಭ್ಯಂತರ ಇಲ್ಲ. ಮೂರು, ರಿವರ್ಸಲ್ ರಜೆಯನ್ನೂ ಕಾಯಿಲೆಯ ರಜೆ ಅಂತಾನೇ ಲೆಕ್ಕ ಹಾಕೋದು.

ಅರ್ಜಿ ಬರೆದಿದ್ದೀನಿ. ಅದರಲ್ಲಿ ‘ಅಪೆಂಡಿಕ್ಸ್’ ಅಂತ ಬರೆದಿಲ್ಲ, ಆಗಿದ್ದನ್ನೇ ಬರೆದಿದ್ದೀನಿ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದ್ದೀನಿ. ಅಮ್ಮ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, ‘ಒತ್ತಕ್ಷರ ಒಂದು ತಪ್ಪಾಗಿದೆ, ತಿದ್ಕೊ’ ಅಂದ್ರು.

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಲೈಬ್ರರಿ ಮುಂದಿನ ಕಟ್ಟೆ ಹತ್ರ ಇರ್ತೀನಿ. ಫೆಬ್ರವರಿಯಲ್ಲಿ ನಕ್ಕವರೂ ಬನ್ನಿ, ಬೇಜಾರಿಲ್ಲ. ಸಹಿ ಹಾಕೋಕೆ ಪೆನ್ನು ನಾನೇ ತರ್ತೀನಿ.

ಮಧ್ಯದಲ್ಲಿ ನಾನು ಎದ್ದು ಓಡಿದ್ರೆ ಗಾಬರಿ ಆಗ್ಬೇಡಿ. ಅರ್ಜಿ ನೋಡ್ಕೊಂಡಿರಿ, ಬಂದ್ಬಿಡ್ತೀನಿ.

#ಕೊಲೊಸ್ಟಮಿ #ರಿವರ್ಸಲ್ #ಬೀಗತೆಗೀರಿ